ಕ್ಯಾಂಪಸ್‌ಗೆ ಮೂವತ್ತು ವರ್ಷದ ಹಸಿರು ಯೋಜನೆ: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಸಬೇಕು

ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ಇರುವುದು ಮೂರೋ ನಾಲ್ಕೋ ವರ್ಷ. ಕುಲಪತಿಗಳ ಅವಧಿಯೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಅವರ ಕಾಲದಲ್ಲಿ ಕಟ್ಟಿದ ಕಟ್ಟಡ 50–60 ವರ್ಷ ನಿಲ್ಲುತ್ತದೆ. ನೆಲದಡಿ ಹಾಕಿದ ಪೈಪು 40 ವರ್ಷ ಬಾಳುತ್ತದೆ. ದೊಡ್ಡ ಎ.ಸಿ. ಯಂತ್ರ 20 ವರ್ಷ ಓಡುತ್ತದೆ. ಅಂದರೆ ಇವತ್ತು ಅವಸರದಲ್ಲಿ ಮಾಡಿದ ಒಂದು ಖರೀದಿಯ ಬಿಲ್ಲನ್ನು ಇನ್ನೂ ಹುಟ್ಟದ ಮಕ್ಕಳು ಓದಲು ಬಂದಾಗಲೂ ಕಟ್ಟುತ್ತಿರಬೇಕಾಗುತ್ತದೆ.

1990ರಲ್ಲಿ ಫ್ರಾನ್ಸಿನ ತಲ್ವಾರ್ ಎಂಬ ಊರಿನಲ್ಲಿ 22 ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ಪರಿಸರದ ಹೊಣೆಯನ್ನು ಉನ್ನತ ಶಿಕ್ಷಣ ಸಂಸ್ಥೆಗಳೂ ಹೊರಬೇಕು ಅನ್ನುವುದು ಅದರ ಸಾರ. ಆಮೇಲೆ ನೂರಾರು ಸಂಸ್ಥೆಗಳು ಅದಕ್ಕೆ ಸಹಿ ಹಾಕಿದವು. ಸಹಿ ಹಾಕುವುದು ಒಳ್ಳೆಯ ಆರಂಭವೇ. ಆದರೆ ಕೆಲಸ ನಿಲ್ಲದೆ ನಡೆಯಬೇಕಾದರೆ ಹಸಿರು ಗುರಿ ದುರಸ್ತಿ ವಿಭಾಗದ ರಿಜಿಸ್ಟರಿನೊಳಗೆ ಬರಬೇಕು. ಯಾವ ಯಂತ್ರ ಯಾವ ವರ್ಷ ಬದಲಾಗುತ್ತದೆ, ಆಗ ಅದರ ಜಾಗಕ್ಕೆ ಏನು ಬರುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ ಎಂದು ಮೊದಲೇ ಬರೆದಿಟ್ಟಿರಬೇಕು. ಈ ಲೇಖನದ ಹೆಜ್ಜೆಗಳೆಲ್ಲ ಆ ಒಂದು ವಿಚಾರದ ಸುತ್ತಲೇ ಇವೆ.

ಮೊದಲ ಹೆಜ್ಜೆ: ಹೊಣೆ ಯಾರದು?

ಸಾಮಾನ್ಯವಾಗಿ ಆಸಕ್ತಿ ಇರುವ ಇಬ್ಬರು ಪ್ರಾಧ್ಯಾಪಕರು, ಒಂದಷ್ಟು ವಿದ್ಯಾರ್ಥಿಗಳು ಸೇರಿ ಒಂದು ಹಸಿರು ಸಮಿತಿ ಮಾಡುತ್ತಾರೆ. ಅವರ ಉತ್ಸಾಹ ದೊಡ್ಡದು. ಆದರೆ ಟೆಂಡರ್ ಕರೆಯುವ ಅಧಿಕಾರ ಅವರಿಗಿಲ್ಲ, ಬಜೆಟ್ ಬರೆಯುವವರೂ ಅವರಲ್ಲ. ಹೀಗಾಗಿ ಸಮಿತಿಯಲ್ಲಿ ಕುಲಸಚಿವರು, ಹಣಕಾಸು ಅಧಿಕಾರಿ, ಎಸ್ಟೇಟ್ ವಿಭಾಗದ (ಕಟ್ಟಡ, ದುರಸ್ತಿ ನೋಡಿಕೊಳ್ಳುವ ವಿಭಾಗ) ಎಂಜಿನಿಯರ್ ಈ ಮೂವರು ಇರಲೇಬೇಕು. ಹಾಸ್ಟೆಲ್ ವಾರ್ಡನ್, ಪ್ರಯೋಗಾಲಯಗಳ ಉಸ್ತುವಾರಿ ನೋಡುವವರು, ವಿದ್ಯಾರ್ಥಿ ಪ್ರತಿನಿಧಿಗಳು ಜೊತೆಗಿರಲಿ.

ಇನ್ನೊಂದು ಮಾತು. ಕ್ಯಾಂಪಸ್ಸಿನ ಎಲೆಕ್ಟ್ರಿಷಿಯನ್, ಪ್ಲಂಬರ್, ಮಾಲಿ ಇವರನ್ನು ಸಭೆಗೆ ಕರೆಯಿರಿ. ಯಾವ ವಾಲ್ವ್ ಎಲ್ಲಿ ಹೂತುಹೋಗಿದೆ, ಯಾವ ಬ್ಲಾಕಿನ ಫ್ಯೂಸ್ ಪದೇ ಪದೇ ಹೋಗುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ನಕ್ಷೆಯಲ್ಲಿ ಅದು ಇರುವುದಿಲ್ಲ. ಅವರು ನಿವೃತ್ತರಾಗುವ ಮೊದಲು ಆ ತಿಳಿವಳಿಕೆ ಕಾಗದಕ್ಕೆ ಇಳಿಯಬೇಕು.

ಪೂರ್ಣಾವಧಿ ಕೆಲಸಕ್ಕೆ ಒಬ್ಬರನ್ನಾದರೂ ನೇಮಿಸಿ. ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಬಿಡುವು ಸಿಕ್ಕಾಗ ಮಾಡುವ ಕೆಲಸ ಇದಲ್ಲ. ಸಮಿತಿಯ ಗುರಿಗಳನ್ನು ಸಂಸ್ಥೆಯ ಅತ್ಯುನ್ನತ ಆಡಳಿತ ಮಂಡಳಿಯ ನಿರ್ಣಯವಾಗಿ ಬರೆಸಿ. ಕುಲಪತಿಗಳ ಸುತ್ತೋಲೆ ಅವರ ಜೊತೆಗೇ ಹೋಗಿಬಿಡಬಹುದು. ಮಂಡಳಿಯ ನಿರ್ಣಯವನ್ನು ತೆಗೆದುಹಾಕಲು ಇನ್ನೊಂದು ನಿರ್ಣಯವೇ ಬೇಕು.

ಎರಡನೇ ಹೆಜ್ಜೆ: ಲೆಕ್ಕ ಹಿಡಿಯಿರಿ

ಕಳೆದ ಮೂರು ವರ್ಷದ ಬಿಲ್ಲುಗಳನ್ನು ಒಂದೇ ಕಡೆ ಸೇರಿಸಿ. ವಿದ್ಯುತ್, ಜನರೇಟರಿಗೆ ಹಾಕಿದ ಡೀಸೆಲ್, ಅಡುಗೆ ಗ್ಯಾಸ್, ನೀರು, ಕಸ ಸಾಗಿಸಿದ ಲೆಕ್ಕ, ಸಂಸ್ಥೆಯ ವಾಹನಗಳ ಇಂಧನ ಎಲ್ಲವೂ ಬೇಕು. ಒಂದು ವರ್ಷದ ಲೆಕ್ಕ ಸಾಕಾಗುವುದಿಲ್ಲ. ಒಂದು ಬೇಸಿಗೆ ಜಾಸ್ತಿ ಬಿಸಿಯಾಗಿದ್ದರೆ ಅಥವಾ ಒಂದು ಹಾಸ್ಟೆಲ್ ಮುಚ್ಚಿದ್ದರೆ ಚಿತ್ರವೇ ಬದಲಾಗಿಬಿಡುತ್ತದೆ.

ಇಂಗಾಲದ ಲೆಕ್ಕಕ್ಕೆ, ಅಂದರೆ ಕ್ಯಾಂಪಸ್ಸಿನಿಂದಾಗಿ ಭೂಮಿ ಬಿಸಿ ಮಾಡುವ ಅನಿಲ ಎಷ್ಟು ಹೊರಬೀಳುತ್ತದೆ ಎಂದು ಅಳೆಯಲು, ಗ್ರೀನ್‌ಹೌಸ್ ಗ್ಯಾಸ್ ಪ್ರೋಟೊಕಾಲ್ ಎಂಬ ಪದ್ಧತಿ 2001ರಿಂದ ಇದೆ. ಅದರಲ್ಲಿ ಮೂರು ಭಾಗ. ಕ್ಯಾಂಪಸ್ಸಿನೊಳಗೆ ನೀವೇ ಸುಡುವ ಡೀಸೆಲ್, ಗ್ಯಾಸು ಸ್ಕೋಪ್ 1. ಹೊರಗಿನಿಂದ ಕೊಂಡ ವಿದ್ಯುತ್ತು ಸ್ಕೋಪ್ 2. ಜನ ಓಡಾಡುವುದು, ವಿಮಾನ ಪ್ರಯಾಣ, ಕೊಂಡ ಸಾಮಾನು, ಕಟ್ಟಡದ ಸಿಮೆಂಟು, ಕಸ ಇವೆಲ್ಲ ಸ್ಕೋಪ್ 3. ಮೊದಲ ವರ್ಷ 1 ಮತ್ತು 2ನ್ನು ಸರಿಯಾಗಿ ಮಾಡಿ. ಮೂರನೆಯದರಲ್ಲಿ ಪ್ರಯಾಣ, ಕಟ್ಟಡ ಸಾಮಗ್ರಿ ಎರಡನ್ನು ಹಿಡಿಯಿರಿ. ಉಳಿದದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು. ಎಲ್ಲವನ್ನೂ ಒಂದೇ ಸಲ ಅಳೆಯಲು ಹೋದರೆ ಲೆಕ್ಕದಲ್ಲೇ ಎರಡು ವರ್ಷ ಕಳೆದುಹೋಗುತ್ತದೆ.

ಬಿಲ್ಲು ಒಟ್ಟು ಎಷ್ಟಾಯಿತು ಎಂದು ಹೇಳುತ್ತದೆ, ಎಲ್ಲಿ ಹೋಯಿತು ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ದುಡ್ಡು ಖರ್ಚಿಲ್ಲದ ಒಂದು ದಾರಿ ಇದೆ. ಒಂದು ಭಾನುವಾರ ರಾತ್ರಿ ಎರಡು ಗಂಟೆಗೆ ಎಲೆಕ್ಟ್ರಿಷಿಯನ್ ಜೊತೆ ಮುಖ್ಯ ಪ್ಯಾನೆಲ್ ಕೋಣೆಗೆ ಹೋಗಿ. ಮೀಟರ್ ರೀಡಿಂಗ್ ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ಯಾರೂ ಇಲ್ಲದಾಗ ಕ್ಯಾಂಪಸ್ ತಿನ್ನುವ ವಿದ್ಯುತ್ತು. ಗಂಟೆಗೆ 100 ಯೂನಿಟ್ ಬಂತು ಅಂದುಕೊಳ್ಳಿ. ವರ್ಷಕ್ಕೆ 8,760 ಗಂಟೆ. ಹಾಗಾದರೆ 8,76,000 ಯೂನಿಟ್. ಇದಿಷ್ಟೂ ಪಾಠ, ಪ್ರಯೋಗ ಯಾವುದೂ ನಡೆಯದಿದ್ದರೂ ಹೋಗುವ ಲೆಕ್ಕ.

ಆ ಒಂದು ಗಂಟೆಯ ಬಿಡುವಿನಲ್ಲಿ ಟಾರ್ಚ್ ಹಿಡಿದು ಬ್ಲಾಕುಗಳ ಸುತ್ತ ಒಂದು ಸುತ್ತು ಹಾಕಿ. ಬೀಗ ಹಾಕಿದ ಲ್ಯಾಬಿನೊಳಗೆ ಎಕ್ಸಾಸ್ಟ್ ಫ್ಯಾನ್ ಗುಂಯ್ ಅನ್ನುತ್ತಿರುತ್ತದೆ. ಕಾರಿಡಾರಿನ ವಾಟರ್ ಕೂಲರ್ ಯಾರಿಗೂ ಬೇಡದ ನೀರನ್ನು ತಣ್ಣಗೆ ಮಾಡುತ್ತಿರುತ್ತದೆ. ಕಂಪ್ಯೂಟರ್ ಕೋಣೆಯಲ್ಲಿ ಸಾಲು ಸಾಲು ಪರದೆಗಳ ಹಿಂದೆ ಸಣ್ಣ ದೀಪ. ಸರ್ವರ್ ಕೋಣೆಯ ಎ.ಸಿ. ಚಳಿ ಹಿಡಿಸುವಷ್ಟು ಓಡುತ್ತಿರುತ್ತದೆ. ಎಲ್ಲೋ ಒಂದು ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ಪಂಪು ನಿಂತಿರುವುದಿಲ್ಲ. ಇವುಗಳಲ್ಲಿ ಕೆಲವು ಓಡಲೇಬೇಕು, ನಿಜ. ಯಾವುದು ಬೇಕು, ಯಾವುದು ಬೇಡ ಎಂಬ ಪಟ್ಟಿ ಆ ರಾತ್ರಿಯೇ ತಯಾರಾಗುತ್ತದೆ. ಮೊದಲ ವರ್ಷದ ಉಳಿತಾಯದಲ್ಲಿ ದೊಡ್ಡ ಪಾಲು ಈ ಪಟ್ಟಿಯಿಂದಲೇ ಬರುವುದುಂಟು.

ಇದಾದ ಮೇಲೆ ಪ್ರತಿ ದೊಡ್ಡ ಕಟ್ಟಡಕ್ಕೂ ಬೇರೆ ವಿದ್ಯುತ್ ಮೀಟರ್, ಬೇರೆ ನೀರಿನ ಮೀಟರ್ ಹಾಕಿಸಿ. ಕಟ್ಟಡಗಳನ್ನು ಹೋಲಿಸುವಾಗ ಒಟ್ಟು ಯೂನಿಟ್ ನೋಡಬೇಡಿ. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ನೋಡಿ. ಗ್ರಂಥಾಲಯವನ್ನು ಗ್ರಂಥಾಲಯದ ಜೊತೆ, ಲ್ಯಾಬನ್ನು ಲ್ಯಾಬಿನ ಜೊತೆ ಹೋಲಿಸಿ. ಆ ಲೆಕ್ಕವನ್ನು ತಿಂಗಳಿಗೊಮ್ಮೆ ಆಯಾ ವಿಭಾಗದ ಮುಖ್ಯಸ್ಥರಿಗೆ ಕಳಿಸಿ. ಬಹಳ ಕಡೆ ವಿಭಾಗಗಳಿಗೆ ತಮ್ಮ ಬಿಲ್ಲು ಎಷ್ಟೆಂದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಉಳಿಸಿ ಅಂದರೆ ಹೇಗೆ ಉಳಿಸುತ್ತಾರೆ, ಅಲ್ವಾ?

ಮೂರನೇ ಹೆಜ್ಜೆ: ಬದಲಾವಣೆಯ ಕ್ಯಾಲೆಂಡರ್

ಇಡೀ ಯೋಜನೆಯ ಬೆನ್ನೆಲುಬು ಇದೇ. ಇದೊಂದನ್ನು ಸರಿಯಾಗಿ ಮಾಡಿದರೂ ಅರ್ಧ ಕೆಲಸ ಆದಂತೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಒಂದು ದೊಡ್ಡ ಪಟ್ಟಿ ಮಾಡಿ. ಕ್ಯಾಂಪಸ್ಸಿನ ಪ್ರತಿ ಮುಖ್ಯ ವಸ್ತುವಿಗೂ ಒಂದೊಂದು ಸಾಲು: ಚಿಲ್ಲರ್ (ಇಡೀ ಕಟ್ಟಡವನ್ನು ತಂಪು ಮಾಡುವ ದೊಡ್ಡ ಯಂತ್ರ), ಬಾಯ್ಲರ್, ಪಂಪು, ಟ್ರಾನ್ಸ್‌ಫಾರ್ಮರ್, ಜನರೇಟರ್, ಲಿಫ್ಟ್, ತಾರಸಿಯ ವಾಟರ್‌ಪ್ರೂಫಿಂಗ್, ಕಿಟಕಿ, ಪೈಪು, ಬಸ್ಸು. ಪ್ರತಿಯೊಂದರ ಮುಂದೆ ಯಾವ ವರ್ಷ ಬಂತು, ಇನ್ನೆಷ್ಟು ವರ್ಷ ಬಾಳಬಹುದು, ಕೆಟ್ಟಾಗ ಅದರ ಜಾಗಕ್ಕೆ ಏನು ಬರಬೇಕು ಎಂದು ಬರೆಯಿರಿ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ.

ಯಾಕೆ ಅಂದರೆ ಯಂತ್ರಗಳು ಹೇಳಿಕೇಳಿ ಕೆಡುವುದಿಲ್ಲ. ಪರೀಕ್ಷೆ ನಡೆಯುತ್ತಿರುವಾಗ, ಬೇಸಿಗೆಯ ನಡುವೆ ಗ್ರಂಥಾಲಯದ ಚಿಲ್ಲರ್ ನಿಂತುಹೋಗುತ್ತದೆ. ಎಲ್ಲರೂ ಎಂಜಿನಿಯರ್ ಮೇಲೆ ಬೀಳುತ್ತಾರೆ. ಮಾರಾಟಗಾರರ ಬಳಿ ಹಳೆಯ ಮಾದರಿಯೇ ತಕ್ಷಣ ಸಿಗುತ್ತದೆ. ಹೊಸ ಬಗೆಯದಕ್ಕೆ ಅಂದಾಜು ಪಟ್ಟಿ ಮಾಡಬೇಕು, ಮಂಜೂರಾತಿ ಬೇಕು, ಟೆಂಡರ್ ಬೇಕು. ಪಾಪ, ಅವರೇನು ಮಾಡಿಯಾರು? ಹಳೆಯದನ್ನೇ ತಂದು ಕೂರಿಸುತ್ತಾರೆ. ಇನ್ನು 20 ವರ್ಷ ಆ ಮಾತು ಮುಗಿಯಿತು. ಹೀಗೆ ಒಂದೊಂದೇ ತುರ್ತು ಖರೀದಿಯಲ್ಲಿ ಯೋಜನೆ ಸೋರಿಹೋಗುತ್ತದೆ. ಅದೇ ಚಿಲ್ಲರಿಗೆ ಬದಲಿ ಯಾವುದೆಂದು ಎರಡು ವರ್ಷ ಮೊದಲೇ ತೀರ್ಮಾನಿಸಿ, ಅದರ ತಾಂತ್ರಿಕ ವಿವರ, ಅಂದಾಜು ವೆಚ್ಚ, ಮಂಜೂರಾತಿ ಮೂರನ್ನೂ ಕಡತದಲ್ಲಿ ಇಟ್ಟಿದ್ದರೆ ತುರ್ತಿನಲ್ಲೂ ಸರಿಯಾದದ್ದೇ ಬರುತ್ತದೆ.

ಕ್ಯಾಲೆಂಡರಿನ ಇನ್ನೊಂದು ಉಪಯೋಗ, ಕೆಲಸಗಳನ್ನು ಜೋಡಿಸುವುದು. ಸೌರ ಫಲಕ 25 ವರ್ಷಕ್ಕೂ ಹೆಚ್ಚು ಬಾಳುತ್ತದೆ. ತಾರಸಿಯ ವಾಟರ್‌ಪ್ರೂಫಿಂಗ್ ಇನ್ನು ಮೂರೇ ವರ್ಷದಲ್ಲಿ ಮುಗಿಯುವಂತಿದ್ದರೆ, ಈಗ ಫಲಕ ಹಾಕಿ ಆಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಮೊದಲು ತಾರಸಿ, ಆಮೇಲೆ ಫಲಕ. ರಸ್ತೆ ಅಗೆಯುವುದೂ ಹಾಗೆಯೇ. ಒಂದು ಸಲ ಅಗೆದಾಗಲೇ ಕುಡಿಯುವ ನೀರಿನ ಪೈಪು, ಶುದ್ಧೀಕರಿಸಿದ ನೀರಿನ ಪೈಪು, ವಿದ್ಯುತ್ ಕೇಬಲ್, ಇಂಟರ್ನೆಟ್ ಕೇಬಲ್ ಎಲ್ಲಕ್ಕೂ ಜಾಗ ಮಾಡಿ. ಇವತ್ತು ಬೇಡದ ಕೇಬಲ್ಲಿಗೂ ಒಂದು ಖಾಲಿ ಕೊಳವೆ ಹಾಕಿಡಿ. ಮುಂದೆ ಬ್ಯಾಟರಿ ವಾಹನಗಳ ಚಾರ್ಜಿಂಗ್‌ಗೋ ಇನ್ನೊಂದಕ್ಕೋ ಬೇಕಾದಾಗ ರಸ್ತೆ ಒಡೆಯುವುದು ತಪ್ಪುತ್ತದೆ.

ನಾಲ್ಕನೇ ಹೆಜ್ಜೆ: ಹೊಸ ಕಟ್ಟಡ ನಿಜವಾಗಿ ಬೇಕೇ?

ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7–8ರಷ್ಟು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಹಸಿರು ಪ್ರಮಾಣಪತ್ರ ಪಡೆದ ಹೊಸ ಕಟ್ಟಡವೂ ಮೊದಲ ದಿನವೇ ಆ ಸಾಲವನ್ನು ಹೊತ್ತುಕೊಂಡೇ ನಿಲ್ಲುತ್ತದೆ. ಅದಕ್ಕೇ ಕಟ್ಟುವ ಮೊದಲು ಇರುವ ಜಾಗದ ಬಳಕೆ ಎಷ್ಟಿದೆ ನೋಡಬೇಕು.

ಇದಕ್ಕೆ ಸರಳ ಲೆಕ್ಕವಿದೆ. ಒಂದು ವಾರ ಪ್ರತಿ ತರಗತಿ ಕೋಣೆಗೂ ಗಂಟೆಗೊಮ್ಮೆ ಯಾರಾದರೂ ಹೋಗಿ ನೋಡಬೇಕು. ಕೋಣೆ ಬಳಕೆಯಲ್ಲಿತ್ತೇ, ಇದ್ದರೆ ಎಷ್ಟು ಸೀಟು ತುಂಬಿತ್ತು ಎಂದು ಬರೆಯಬೇಕು. ಕೆಲಸದ ಅವಧಿಯ ಶೇ. 60ರಷ್ಟು ಹೊತ್ತು ಕೋಣೆ ಬಳಕೆಯಾಗಿ, ಆಗ ಅರ್ಧ ಸೀಟು ಮಾತ್ರ ತುಂಬಿದ್ದರೆ ನಿಜವಾದ ಬಳಕೆ ಶೇ. 30. ಟೈಮ್‌ಟೇಬಲ್ ನೋಡಿದರೆ ಎಲ್ಲ ಕೋಣೆಗಳೂ ಭರ್ತಿ ಅನ್ನಿಸುತ್ತದೆ, ಎಣಿಸಿದಾಗ ಕಥೆಯೇ ಬೇರೆ. ನಲವತ್ತು ಜನರ ತರಗತಿ ನೂರಿಪ್ಪತ್ತು ಸೀಟಿನ ಕೋಣೆಯಲ್ಲಿ ನಡೆಯುತ್ತಿರುತ್ತದೆ. ವಿಭಾಗಗಳು ತಮ್ಮ ಕೋಣೆಯ ಬೀಗದ ಕೈ ಬಿಟ್ಟುಕೊಡುವುದಿಲ್ಲ. ಕೋಣೆಗಳ ಹಂಚಿಕೆಯನ್ನು ಒಂದೇ ಕಚೇರಿಗೆ ತಂದರೆ ಒಂದು ಹೊಸ ಬ್ಲಾಕೇ ಉಳಿಯಬಹುದು. ಇದು ಸುಲಭದ ಮಾತಲ್ಲ, ಜಗಳಗಳಾಗುತ್ತವೆ. ಆದರೂ ಮಾಡಲೇಬೇಕಾದ ಕೆಲಸ.

ಕಟ್ಟಲೇಬೇಕು ಎಂದಾದರೆ ವಾಸ್ತುಶಿಲ್ಪಿಯನ್ನು ಗೊತ್ತುಮಾಡುವ ಮೊದಲೇ ನಿಮ್ಮ ಷರತ್ತುಗಳನ್ನು ಬರೆಯಿರಿ. ಚದರ ಮೀಟರಿಗೆ ವರ್ಷಕ್ಕೆ ಇಷ್ಟೇ ಯೂನಿಟ್ ಎಂಬ ಮಿತಿ ಇರಲಿ. ಬಿಸಿಲು, ಗಾಳಿಯ ದಿಕ್ಕು ನೋಡಿ ಕಟ್ಟಡ ನಿಲ್ಲಲಿ. ಹಗಲು ದೀಪ ಹಾಕದೆ ಓದುವಷ್ಟು ಬೆಳಕು ಒಳಗೆ ಬರಲಿ. ಇಪ್ಪತ್ತು ವರ್ಷದ ಮೇಲೆ ತರಗತಿಯನ್ನು ಕಚೇರಿಯಾಗಿ, ಕಚೇರಿಯನ್ನು ಲ್ಯಾಬಾಗಿ ಮಾಡಲು ಗೋಡೆ ಒಡೆಯುವಂತಿರಬಾರದು. ಕಟ್ಟಿ ಮುಗಿದು ಎರಡು ವರ್ಷದವರೆಗೆ ನಿಜವಾದ ಮೀಟರ್ ರೀಡಿಂಗ್ ನೋಡಿ, ಹೇಳಿದ ಮಿತಿಯೊಳಗೆ ಇಲ್ಲದಿದ್ದರೆ ಸರಿಪಡಿಸಿಕೊಡುವ ಹೊಣೆ ಗುತ್ತಿಗೆಯಲ್ಲೇ ಬರಲಿ.

ಐದನೇ ಹೆಜ್ಜೆ: ಶಕ್ತಿ

ಇಲ್ಲಿ ಸಾಲು ತಪ್ಪಬಾರದು. ಮೊದಲು ವ್ಯರ್ಥ ನಿಲ್ಲಿಸಿ, ಆಮೇಲೆ ಕಡಿಮೆ ತಿನ್ನುವ ಯಂತ್ರ ತನ್ನಿ, ಕೊನೆಗೆ ಸೌರ. ಉಲ್ಟಾ ಮಾಡಿದರೆ ಅಗತ್ಯಕ್ಕಿಂತ ದೊಡ್ಡ ಸೌರ ಘಟಕಕ್ಕೆ ದುಡ್ಡು ಸುರಿದಂತಾಗುತ್ತದೆ.

ಎಂಜಿನಿಯರುಗಳಿಗೆ ಗೊತ್ತಿರುವ, ಆದರೆ ಸಮಿತಿಗಳಲ್ಲಿ ಯಾರೂ ಹೇಳದ ಒಂದು ನಿಯಮ ಇದೆ. ಗಾಳಿ ತಳ್ಳುವ ದೊಡ್ಡ ಫ್ಯಾನು ತಿನ್ನುವ ವಿದ್ಯುತ್ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ನೀರನ್ನು ಸುತ್ತಿಸುವ ಪಂಪಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ: 0.8 × 0.8 × 0.8 ಅಂದರೆ 0.51. ವೇಗ ಬದಲಿಸುವ ಸಣ್ಣ ಸಾಧನ ಹಾಕಿದರೆ ಇಡೀ ದಿನ ಪೂರ್ತಿ ವೇಗದಲ್ಲಿ ಓಡುವ ಯಂತ್ರ ಬೇಕಾದಷ್ಟೇ ಓಡುತ್ತದೆ. ಬಲ್ಬ್ ಬದಲಿಸಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ನೆಲಮಾಳಿಗೆಯ ಈ ಕೆಲಸ ಬೀಳುವುದಿಲ್ಲ. ಉಳಿತಾಯ ಮಾತ್ರ ಇಲ್ಲಿಯೇ ಜಾಸ್ತಿ.

ವಿಜ್ಞಾನದ ಲ್ಯಾಬುಗಳಿಗೆ ವಿಶೇಷ ಗಮನ ಕೊಡಿ. ರಾಸಾಯನಿಕಗಳ ಹೊಗೆ ಎಳೆಯುವ ಫ್ಯೂಮ್ ಹುಡ್ ಬರೀ ಹೊಗೆಯನ್ನಲ್ಲ, ತಂಪು ಮಾಡಿದ ಅಥವಾ ಬಿಸಿ ಮಾಡಿದ ಇಡೀ ಕೋಣೆಯ ಗಾಳಿಯನ್ನೂ ಹೊರಗೆ ತಳ್ಳುತ್ತದೆ. ಹಗಲೂ ರಾತ್ರಿ ಓಡುವ ಒಂದು ಹುಡ್ ಅಮೆರಿಕದ ಮೂರಕ್ಕೂ ಹೆಚ್ಚು ಮನೆಗಳಷ್ಟು ಶಕ್ತಿ ಬಳಸುತ್ತದೆ ಎಂದು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಅಂದಾಜು ಮಾಡಿತ್ತು. ಗಾಳಿಯ ಪ್ರಮಾಣ ತಾನೇ ಬದಲಿಸುವ ಹುಡ್‌ಗಳಲ್ಲಿ ಕೆಲಸ ಮುಗಿದ ಮೇಲೆ ಮುಂದಿನ ಗಾಜನ್ನು ಕೆಳಗೆ ಎಳೆದರೆ ಸಾಕು, ಆ ನಷ್ಟ ಬಹಳ ಕಡಿಮೆಯಾಗುತ್ತದೆ. ಸುರಕ್ಷತೆಗೂ ಅದೇ ಒಳ್ಳೆಯದು. ಹಾಗೆಯೇ ಮೈನಸ್ 80 ಡಿಗ್ರಿಯ ಫ್ರೀಜರುಗಳು. ಒಳಗಿರುವ ಮಾದರಿಗಳಿಗೆ ತೊಂದರೆ ಇಲ್ಲ ಎಂದು ಸಂಶೋಧಕರು ಒಪ್ಪಿದ ಕಡೆ ಮೈನಸ್ 70ಕ್ಕೆ ಇಟ್ಟರೆ ಶೇ. 30ರ ಆಸುಪಾಸಿನಲ್ಲಿ ವಿದ್ಯುತ್ ಉಳಿಯುತ್ತದೆ. ಇದನ್ನು ಆದೇಶ ಹೊರಡಿಸಿ ಮಾಡಬೇಡಿ. ಲ್ಯಾಬಿನವರ ಜೊತೆ ಕೂತು ಮಾತಾಡಿ ಮಾಡಿ. ಅವರ ವರ್ಷಗಟ್ಟಲೆ ಶ್ರಮ ಆ ಡಬ್ಬಿಗಳಲ್ಲಿದೆ.

ದೊಡ್ಡ ಕ್ಯಾಂಪಸ್ಸುಗಳು ಸ್ವಲ್ಪ ದೂರಕ್ಕೆ ಯೋಚಿಸಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2000ದಿಂದ ಪಕ್ಕದ ಕಯೂಗಾ ಸರೋವರದ ಆಳದ ತಣ್ಣೀರನ್ನು ಬಳಸಿ ಕಟ್ಟಡಗಳನ್ನು ತಂಪು ಮಾಡುತ್ತಿದೆ. ಸರೋವರದ ನೀರು ಕಟ್ಟಡಗಳಿಗೆ ಹೋಗುವುದಿಲ್ಲ. ತನ್ನ ತಂಪನ್ನು ಇನ್ನೊಂದು ಪೈಪಿನ ನೀರಿಗೆ ಕೊಟ್ಟು ವಾಪಸ್ ಹೋಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2015ರಲ್ಲಿ ಹಳೆಯ ಗ್ಯಾಸ್ ಘಟಕವನ್ನು ಬಿಟ್ಟು, ಕಟ್ಟಡಗಳನ್ನು ತಂಪು ಮಾಡುವಾಗ ಹೊರಬೀಳುವ ಶಾಖವನ್ನೇ ಹಿಡಿದು ಬಿಸಿನೀರಿಗೆ ಬಳಸುವ ವ್ಯವಸ್ಥೆಗೆ ಬಂತು. ಇವೆರಡನ್ನೂ ಹಾಗೇ ನಕಲು ಮಾಡಲು ಆಗುವುದಿಲ್ಲ, ಎಲ್ಲರ ಪಕ್ಕದಲ್ಲೂ ಆಳದ ಸರೋವರ ಇರುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ನಮ್ಮಲ್ಲಿ ಯಾವ ಶಾಖ ಸುಮ್ನೆ ಹೊರಗೆ ಹೋಗುತ್ತಿದೆ? ಅದು ಬೇಕಾದವರು ಪಕ್ಕದಲ್ಲೇ ಯಾರಾದರೂ ಇದ್ದಾರೆಯೇ? ಸರ್ವರ್ ಕೋಣೆಯ ಬಿಸಿ, ಹಾಸ್ಟೆಲಿನ ಸ್ನಾನದ ನೀರು ಹೀಗೆ ಜೋಡಿಗಳು ಸಿಗುತ್ತವೆ.

ಸೌರಕ್ಕೆ ಒಂದು ಅಂದಾಜು: ನಡುವೆ ಓಡಾಡುವ ಜಾಗ ಬಿಟ್ಟು 1 ಕಿಲೋವಾಟ್‌ಗೆ ಸುಮಾರು 10 ಚದರ ಮೀಟರ್ ತಾರಸಿ ಬೇಕು. ಫಲಕ 25 ವರ್ಷ ಬಂದರೂ ಅದರ ವಿದ್ಯುತ್ತನ್ನು ನಮ್ಮ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ 10–15 ವರ್ಷಕ್ಕೆ ಬದಲಾಗಬೇಕು. ಆ ಖರ್ಚನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಫಲಕ ತೊಳೆಯುವವರು ಯಾರು, ನೀರು ಎಲ್ಲಿಂದ ಎಂದೂ ಬರೆಯಿರಿ.

ಆರನೇ ಹೆಜ್ಜೆ: ನೀರು

ಮಳೆಯ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 2,000 ಚದರ ಮೀಟರ್ ತಾರಸಿ, ವರ್ಷಕ್ಕೆ 700 ಮಿ.ಮೀ. ಮಳೆ ಅಂದರೆ 14 ಲಕ್ಷ ಲೀಟರ್. ಆವಿಯಾಗಿ, ಚೆಲ್ಲಿ ಹೋಗುವುದನ್ನು ಕಳೆದು ಶೇ. 80 ಸಿಕ್ಕರೂ 11 ಲಕ್ಷ ಲೀಟರಿಗೂ ಹೆಚ್ಚು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವಾಲ್ವ್ ಇರಲಿ. ಎಲೆ ತಡೆಯುವ ಜಾಲರಿಯನ್ನು ಮಳೆಗಾಲದ ಮುಂಚೆ ತೆಗೆದು ತೊಳೆಯುವವರ ಹೆಸರು ಕರ್ತವ್ಯಪಟ್ಟಿಯಲ್ಲಿರಲಿ. ಮಳೆಕೊಯ್ಲು ಘಟಕಗಳು ಕೆಡುವುದು ಬಹಳ ಸಲ ಈ ಜಾಲರಿಯಿಂದಲೇ.

ಸೋರಿಕೆ ಹಿಡಿಯಲು ವಿದ್ಯುತ್ತಿನ ಉಪಾಯವೇ ಇಲ್ಲಿಯೂ ನಡೆಯುತ್ತದೆ. ತರಗತಿ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿಗೆ ರಾತ್ರಿ ನೀರು ಏರುವುದನ್ನು ನಿಲ್ಲಿಸಿ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಮತ್ತೆ ನೋಡಿ. ಯಾರೂ ಬಳಸದ ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ಸುಮಾರು 20 ಲೀಟರ್ ಕಳೆಯುತ್ತದೆ. ಶೌಚಾಲಯದ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸೋರಬಹುದು. ಅದರೊಳಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗಿನ ಬೇಸಿನ್ನಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಬದಲಿಸಿ. ಹಳೆಯ ಫ್ಲಶ್‌ಗಳು ಒಂದು ಸಲಕ್ಕೆ 9 ಲೀಟರಿಗೂ ಹೆಚ್ಚು ಬಿಡುತ್ತವೆ. ಎರಡು ಬಟನ್ ಇರುವವು 6 ಮತ್ತು 3 ಲೀಟರಿನಲ್ಲಿ ಮುಗಿಸುತ್ತವೆ.

ಕೊಳಚೆ ನೀರು ಶುದ್ಧೀಕರಿಸಿ ತೋಟಕ್ಕೂ ಫ್ಲಶ್‌ಗೂ ಬಳಸುವುದಾದರೆ ಅದಕ್ಕೆ ಬೇರೆಯೇ ಪೈಪು, ಬೇರೆಯೇ ಬಣ್ಣ ಬೇಕು. ಕುಡಿಯುವ ನೀರಿನ ಸಾಲಿಗೆ ಅದು ಎಲ್ಲೂ ಸೇರಬಾರದು. ಹೊಸ ಕಟ್ಟಡದಲ್ಲಿ ಇದು ಸಣ್ಣ ಖರ್ಚು. ಹಳೆಯದರಲ್ಲಿ ಗೋಡೆ ಒಡೆಯಬೇಕಾದ್ದರಿಂದ ದೊಡ್ಡದು. ಹಾಗಾಗಿ ಶೌಚಾಲಯ ಹೇಗೂ ನವೀಕರಣ ಆಗುವ ವರ್ಷಕ್ಕೆ ಕಾಯಿರಿ.

ಏಳನೇ ಹೆಜ್ಜೆ: ಕಸ, ಓಡಾಟ, ಮರ

ಕಸಕ್ಕೆ ಮೊದಲು ಒಂದು ದಿನದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು, ಗ್ಲೌಸ್ ಹಾಕಿಕೊಂಡು ಬೇರ್ಪಡಿಸಿ ತೂಗಿ. ತಟ್ಟೆಯಲ್ಲಿ ಬಿಟ್ಟ ಆಹಾರ ಎಷ್ಟು, ಅಡುಗೆಮನೆಯಲ್ಲೇ ಉಳಿದದ್ದೆಷ್ಟು ಎಂದು ಬೇರೆ ಬೇರೆ ತೂಗಿ. ಎರಡಕ್ಕೂ ಪರಿಹಾರ ಬೇರೆ. ಒಣ ಎಲೆ ಕ್ಯಾಂಪಸ್ಸಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ಸುಡಬೇಡಿ. ಹಸಿ ಕಸದ ಜೊತೆ ಇಂಗಾಲ ಮತ್ತು ಸಾರಜನಕ 25–30ಕ್ಕೆ 1ರ ಆಸುಪಾಸಿನಲ್ಲಿ ಬರುವಂತೆ ಬೆರೆಸಿದರೆ ವಾಸನೆ ಬರದ ಗೊಬ್ಬರ ಆಗುತ್ತದೆ. ರಾಶಿಯ ಒಳಗೆ 55 ಡಿಗ್ರಿ ಬಿಸಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆ ಬೀಜಗಳೂ ಸಾಯುತ್ತವೆ.

ಓಡಾಟದಲ್ಲಿ ಪಾರ್ಕಿಂಗ್ ಜಾಗವೇ ನಿರ್ಧಾರ ಮಾಡುವುದು. ಪುಕ್ಕಟೆ ಪಾರ್ಕಿಂಗ್ ಹೆಚ್ಚಿಸುತ್ತಾ ಹೋದರೆ ಕಾರುಗಳೂ ಹೆಚ್ಚುತ್ತವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲಿ ಯು-ಪಾಸ್ ಎಂಬ ಬಸ್ ಪಾಸ್ ವ್ಯವಸ್ಥೆ ತಂದು ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಬಸ್ಸಿಗೆ ಒಗ್ಗಿಸಿತು. ನಡೆಯುವವರಿಗೆ ನೆರಳಿನ ದಾರಿ, ಸೈಕಲ್ಲಿಗೆ ಬಾಗಿಲ ಹತ್ತಿರವೇ ಬೀಗ ಹಾಕುವ ಜಾಗ ಇವೆರಡು ಇಲ್ಲದೆ ಸೈಕಲ್ ದಿನ ಆಚರಿಸಿ ಪ್ರಯೋಜನವಿಲ್ಲ.

ಮರಗಳ ವಿಷಯದಲ್ಲಿ ನೆಟ್ಟ ಲೆಕ್ಕಕ್ಕಿಂತ ಉಳಿದ ಲೆಕ್ಕ ಇಡಿ. ಸಸಿಗೆ ಮೊದಲ ಎರಡು ಮೂರು ವರ್ಷ ನೀರು, ಬೇಲಿ, ಒಬ್ಬ ಹೊಣೆಗಾರ ಬೇಕು. ಆ ನೆಲಕ್ಕೆ ಸಹಜವಾದ ಜಾತಿಗಳನ್ನೇ ಬೆರೆಸಿ ನೆಡಿ. ಇರುವ ದೊಡ್ಡ ಮರದ ಬೇರು ಅದರ ಕೊಂಬೆಗಳ ನೆರಳಿಗಿಂತಲೂ ಆಚೆ ಹರಡಿರುತ್ತದೆ. ಕಟ್ಟಡದ ಕೆಲಸ ನಡೆಯುವಾಗ ಲಾರಿ, ಜೆ.ಸಿ.ಬಿ. ಆ ಜಾಗದಲ್ಲಿ ಓಡಾಡಿ ಮಣ್ಣು ಗಟ್ಟಿಯಾದರೆ ಮರ ತಕ್ಷಣ ಸಾಯುವುದಿಲ್ಲ. ಕೆಲವು ವರ್ಷದ ಮೇಲೆ ಒಣಗುತ್ತದೆ. ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಕೆಲಸ ಶುರುವಾಗುವ ಮೊದಲೇ ನೆರಳಿನ ಅಂಚಿನಾಚೆಗೆ ಬೇಲಿ ಹಾಕಿಸಿ.

ಎಂಟನೇ ಹೆಜ್ಜೆ: ದುಡ್ಡು

ಬಹಳಷ್ಟು ಯೋಜನೆಗಳು ಇಲ್ಲೇ ನಿಲ್ಲುವುದು. ಒಂದು ವಿಭಾಗ ಕಷ್ಟಪಟ್ಟು ವಿದ್ಯುತ್ ಉಳಿಸುತ್ತದೆ. ಉಳಿದ ದುಡ್ಡು ಸಾಮಾನ್ಯ ಖಾತೆಯಲ್ಲಿ ಕರಗಿಹೋಗುತ್ತದೆ. ಮುಂದಿನ ವರ್ಷ ಅವರಿಗೆ ಏನೂ ಸಿಗುವುದಿಲ್ಲ.

ಇದಕ್ಕೆ ಮದ್ದು ಸುತ್ತುನಿಧಿ. ಸಂಸ್ಥೆ ಒಂದು ಸಲ ಒಂದಿಷ್ಟು ದುಡ್ಡು ಬೇರೆ ತೆಗೆದಿಡುತ್ತದೆ. ಅದರಿಂದ ಉಳಿತಾಯದ ಕೆಲಸ ನಡೆಯುತ್ತದೆ. ಬಿಲ್ಲಿನಲ್ಲಿ ಉಳಿದ ಹಣ ಮೊದಲು ನಿಧಿಗೆ ವಾಪಸ್ ಬರುತ್ತದೆ, ಮತ್ತೆ ಮುಂದಿನ ಕೆಲಸಕ್ಕೆ ಹೋಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಇಂಥ ನಿಧಿ 1.2 ಕೋಟಿ ಡಾಲರ್‌ವರೆಗೆ ಬೆಳೆಯಿತು. ನಿಮ್ಮದು ಸಣ್ಣದಾಗಿಯೇ ಶುರುವಾಗಲಿ. ನಿಯಮ ಮಾತ್ರ ಗಟ್ಟಿ ಇರಲಿ: ಈ ಖಾತೆಯ ಹಣವನ್ನು ಬೇರೆ ಕೆಲಸಕ್ಕೆ ತೆಗೆಯುವಂತಿಲ್ಲ.

ಇನ್ನೊಂದು ಎಚ್ಚರ. ದೀಪ ಬದಲಿಸುವಂಥ ಕೆಲಸ ಎರಡು ಮೂರು ವರ್ಷದಲ್ಲೇ ದುಡ್ಡು ವಾಪಸ್ ಕೊಡುತ್ತದೆ, ಹಳೆಯ ಪೈಪು ಬದಲಿಸಲು ಹನ್ನೆರಡು ವರ್ಷ ಬೇಕಾಗಬಹುದು. ಸುಲಭದ್ದನ್ನೆಲ್ಲ ಮೊದಲೇ ಮುಗಿಸಿ ಅದರ ಲಾಭವನ್ನೂ ಖರ್ಚು ಮಾಡಿಬಿಟ್ಟರೆ ಕಷ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಎರಡನ್ನೂ ಒಂದೇ ಕಟ್ಟಿನಲ್ಲಿ ಮಂಜೂರು ಮಾಡಿಸಿ, ಸರಾಸರಿ ಆರೇಳು ವರ್ಷಕ್ಕೆ ಬರುವಂತೆ. ಟೆಂಡರಿನಲ್ಲೂ ಕೊಳ್ಳುವ ಬೆಲೆಯೊಂದನ್ನೇ ನೋಡಬೇಡಿ. ಇಡೀ ಬಾಳಿಕೆಯ ವಿದ್ಯುತ್ತು, ದುರಸ್ತಿ ಸೇರಿಸಿ ಹೋಲಿಸಿ.

ಒಂಬತ್ತನೇ ಹೆಜ್ಜೆ: ಗುರಿ, ವರದಿ, ಕೈಬದಲು

ಮೂವತ್ತು ವರ್ಷದ ಗುರಿ ಒಂದು, ಐದೈದು ವರ್ಷದ ಗುರಿಗಳು ಆರು, ಪ್ರತಿ ವರ್ಷಕ್ಕೆ ಕೆಲಸಗಳ ಪಟ್ಟಿ. ಗುರಿ ಅಂದರೆ ಅಂಕಿ. ಮುಖ್ಯ ಕ್ಯಾಂಪಸ್ಸಿನ ವಿದ್ಯುತ್ತು ಚದರ ಮೀಟರಿಗೆ ಇಷ್ಟರಿಂದ ಇಷ್ಟಕ್ಕೆ, ಇಂಥ ವರ್ಷದೊಳಗೆ, ಇಂಥ ಅಧಿಕಾರಿಯ ಹೊಣೆ ಎಂದು ಬರೆಯಿರಿ. ಹೊರಗಿನಿಂದ ಇಂಗಾಲದ ಕ್ರೆಡಿಟ್ (ಬೇರೆಯವರು ಇಳಿಸಿದ ಇಂಗಾಲದ ಲೆಕ್ಕ) ಕೊಂಡು ಲೆಕ್ಕ ಸರಿದೂಗಿಸುವುದನ್ನು ಬೇರೆ ಸಾಲಿನಲ್ಲಿ ತೋರಿಸಿ. ನಿಜವಾಗಿ ಇಳಿಸಿದ್ದರ ಜೊತೆ ಅದನ್ನು ಬೆರೆಸಬೇಡಿ.

ಹೋಲಿಕೆಗೆ ಇಂಡೋನೇಷ್ಯಾ ವಿಶ್ವವಿದ್ಯಾಲಯ 2010ರಲ್ಲಿ ಶುರು ಮಾಡಿದ ಯು.ಐ. ಗ್ರೀನ್‌ಮೆಟ್ರಿಕ್ ಎಂಬ ಹಸಿರು ಕ್ಯಾಂಪಸ್ಸುಗಳ ರ‍್ಯಾಂಕ್ ಪಟ್ಟಿ ಇದೆ, ಉತ್ತರ ಅಮೆರಿಕದಲ್ಲಿ ಹುಟ್ಟಿದ ಸ್ಟಾರ್ಸ್ ಎಂಬ ಮೌಲ್ಯಮಾಪನವೂ ಇದೆ. ಅವುಗಳ ಪ್ರಶ್ನೆಪಟ್ಟಿಯಿಂದ ನೀವು ಮರೆತದ್ದು ನೆನಪಾಗುತ್ತದೆ. ರ‍್ಯಾಂಕ್ ಏರಿಸುವುದಕ್ಕೆಂದೇ ಕೆಲಸ ಆರಿಸಿಕೊಳ್ಳಬೇಡಿ.

ವಿದ್ಯಾರ್ಥಿಗಳಿಗೆ ಪೋಸ್ಟರ್ ಬರೆಯುವ ಕೆಲಸ ಮಾತ್ರ ಕೊಡಬೇಡಿ. ಎಂಜಿನಿಯರಿಂಗ್‌ನವರಿಗೆ ಒಂದು ಬ್ಲಾಕಿನ ಮೀಟರ್ ಕೊಡಿ, ಜೀವಶಾಸ್ತ್ರದವರಿಗೆ ಕೆರೆ ಮತ್ತು ಮರಗಳ ಗಣತಿ, ವಾಣಿಜ್ಯದವರಿಗೆ ಸುತ್ತುನಿಧಿಯ ಲೆಕ್ಕ. ಪ್ರತಿ ವರ್ಷ ಒಂದೇ ವಿಧಾನದಲ್ಲಿ ಅಳೆದರೆ ಹತ್ತು ವರ್ಷದಲ್ಲಿ ಯಾವ ಸಲಹೆಗಾರರೂ ಕೊಡಲಾಗದ ಮಾಹಿತಿ ಸೇರುತ್ತದೆ.

ಕೊನೆಯದಾಗಿ ಕೈಬದಲು ಕಡತ. ಅಧಿಕಾರಿ ಬದಲಾದಾಗ ಹೊಸಬರು ಮೊದಲ ವಾರ ಓದಬೇಕಾದದ್ದು ಇದರಲ್ಲಿರಲಿ. ಮುಂದಿನ ಐದು ವರ್ಷದಲ್ಲಿ ಬದಲಾಗಬೇಕಾದ ಯಂತ್ರಗಳು, ಅವುಗಳ ಮಂಜೂರಾದ ಬದಲಿ, ನೆಲದಡಿಯ ಪೈಪು-ಕೇಬಲ್‌ಗಳ ಸರಿಪಡಿಸಿದ ನಕ್ಷೆ, ಮೀಟರುಗಳ ಪಟ್ಟಿ, ನಿಧಿಯ ಬಾಕಿ, ನಡೆಯುತ್ತಿರುವ ಗುತ್ತಿಗೆಗಳು ಮುಗಿಯುವ ದಿನಾಂಕ, ಆಗದೆ ಉಳಿದ ಕೆಲಸಗಳು ಮತ್ತು ಯಾಕೆ ಆಗಲಿಲ್ಲ ಎಂಬ ಒಂದೊಂದು ಸಾಲು. ಒಂದು ಪ್ರತಿ ಎಸ್ಟೇಟ್ ವಿಭಾಗದಲ್ಲಿ, ಒಂದು ಕುಲಸಚಿವರ ಕಚೇರಿಯಲ್ಲಿ, ಒಂದು ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆಗೆದು ನೋಡುವಂತೆ ಇಡಿ. ಬಜೆಟ್ ತಯಾರಿ ಶುರುವಾಗುವ ತಿಂಗಳಿಗೆ ಮುಂಚೆ, ಪ್ರತಿ ವರ್ಷ, ಸಮಿತಿ ಒಟ್ಟಿಗೆ ಕೂತು ಅದನ್ನು ತಿದ್ದಬೇಕು.